ಬ್ಯಾಟಿನ ಮೂರು ಎಳೆ

"ಇದೂ ಬ್ಯಾಡ ಸಾಬ್ರೆ, ಇದರ ತಲೆ ಭಾರ," ಎಂದು ದ್ರಾಕ್ಷಾಯಣಮ್ಮ ಎರಡನೆಯ ಬ್ಯಾಟನ್ನೂ ಬೆಂಚಿನ ಮೇಲೆ ಇಟ್ಟಳು.

ಬಡೇಸಾಬರು ಕನ್ನಡಕವನ್ನು ಹಣೆಗೇರಿಸಿ ಆಕೆಯನ್ನು ಆಗ ಸರಿಯಾಗಿ ನೋಡಿದರು. ದಾವಣಗೆರೆಯ ಆ ಸಂದಿಯಲ್ಲಿ ಇಪ್ಪತ್ತೈದು ವರ್ಷದಿಂದ ಆಟದ ಸಾಮಾನು ಮಾರುತ್ತ, ಬ್ಯಾಟುಗಳಿಗೆ ಗಟ್ಟಿನ ಎಳೆ ಬಿಗಿಯುತ್ತ ಕೂತಿದ್ದ ಮನುಷ್ಯ. ಬಗಲಲ್ಲಿ ಛತ್ರಿ, ಕೈಯಲ್ಲಿ ವೈರಿನ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದ ಹೆಂಗಸು ಮಕ್ಕಳಿಗೇನೋ ಕೊಳ್ಳಲು ಬಂದಿದ್ದಾಳೆಂದು ತಿಳಿದು, ಬಾಗಿಲಲ್ಲಿ ತೂಗುತ್ತಿದ್ದ ಬಣ್ಣಬಣ್ಣದ ಬ್ಯಾಟುಗಳನ್ನೇ ಮೊದಲು ತೋರಿಸಿದ್ದರು. ಆಕೆ ಅವುಗಳ ಕಡೆ ತಿರುಗಿಯೂ ನೋಡದೆ, "ಬೇಕಾಗಿರೋದು ನನಗೇ. ಉಲ್ಲನ್ ಚೆಂಡಿನ ಆಟಕ್ಕೆ. ಭಾಳ ದುಬಾರಿದು ತೋರಿಸಬ್ಯಾಡ್ರಿ," ಎಂದಿದ್ದಳು.

ಅದು ಎಂಬತ್ತೆರಡನೆಯ ಇಸವಿ. ಊರಿಗೆ ಶಟಲ್ ಆಟದ ಹುಚ್ಚು ಹತ್ತಿ ಎರಡು ವರ್ಷವಾಗಿತ್ತು. ಕಾಲೇಜಿನವರೆಲ್ಲ ಗರಿಯ ಶಟಲ್ ಕೇಳಿಕೊಂಡು ಬರುತ್ತಿದ್ದರು. ಹಳದಿ ಉಣ್ಣೆಯ ಚೆಂಡಿನಲ್ಲಿ ಐದೈದು ಜನ ಎದುರುಬದುರು ನಿಂತು ಆಡುವ ಹಳೆಯ ಬ್ಯಾಡ್ಮಿಂಟನ್ನು ಗಿರಣಿಯವರ ಮತ್ತು ಕಚೇರಿಯವರ ಪಾಲಿಗೆ ಮಾತ್ರ ಉಳಿದಿತ್ತು. ಅದಕ್ಕೆ ಬ್ಯಾಟು ಕೇಳಿಕೊಂಡು ಒಬ್ಬ ಹೆಂಗಸು ಬಂದದ್ದನ್ನು ಬಡೇಸಾಬರು ಇತ್ತೀಚೆಗೆ ಕಂಡಿರಲಿಲ್ಲ.

"ಆಡಿ ಎಷ್ಟು ವರ್ಷಾತಮ್ಮ?"

"ಹದಿನೇಳು."

"ಹದಿನೇಳು ವರ್ಷ ಬಿಟ್ಟು ತಲೆಭಾರ ಗೊತ್ತಾಗ್ತೈತೆ ಅಂದ್ರೆ, ಆವಾಗ ಚಲೋ ಆಡ್ತಿದ್ರಿ ಅನ್ರಿ."

ದ್ರಾಕ್ಷಾಯಣಮ್ಮ ನಕ್ಕಳು. ಹರಿಹರದ ತಾಲ್ಲೂಕು ಕಚೇರಿಯಲ್ಲಿ ಆಕೆ ಬೆರಳಚ್ಚುಗಾರ್ತಿ. ಮುಂದಿನ ತಿಂಗಳು ಚಿತ್ರದುರ್ಗದಲ್ಲಿ ಸರ್ಕಾರಿ ನೌಕರರ ಕ್ರೀಡಾಕೂಟ. ಹೆಂಗಸರ ತಂಡಕ್ಕೆ ಐದನೆಯವರು ಸಿಗದೆ, "ಸುಮ್ನೆ ಮೂಲ್ಯಾಗ ನಿಂತ್ಕೊಂಡ್ರೆ ಸಾಕು ಕಣ್ರಿ, ಚೆಂಡು ನಿಮ್ಮ ಕಡೆ ಬರದಂಗೆ ನಾವು ನೋಡ್ಕೊಂತೀವಿ," ಎಂದು ಗುಮಾಸ್ತೆ ಕಸ್ತೂರಮ್ಮ ಕೈಮುಗಿದು ಕರೆದುಕೊಂಡು ಹೋಗಿದ್ದಳು. ಮೂಲೆಯಲ್ಲಿ ನಿಂತ ದ್ರಾಕ್ಷಾಯಣಮ್ಮನ ಕಡೆಗೂ ಒಂದು ಚೆಂಡು ಬಂತು. ಕೈ ತಾನಾಗಿಯೇ ಬೀಸಿತು. ಚೆಂಡು ಎದುರಿನ ಇಬ್ಬರ ನಡುವೆ ಹೋಗಿ ಗೆರೆಯ ಮೇಲೇ ಬಿತ್ತು. ಕಸ್ತೂರಮ್ಮ ಬಿಟ್ಟ ಬಾಯಿ ಮುಚ್ಚಲಿಲ್ಲ. ಅಂದಿನಿಂದ ದ್ರಾಕ್ಷಾಯಣಮ್ಮನಿಗೆ ಕಚೇರಿಯಲ್ಲಿ ಕೂತರೂ ಮೈಯೆಲ್ಲ ಮೈದಾನದಲ್ಲೇ ಇತ್ತು. ಮೂವತ್ತಾರು ವರ್ಷದ, ಒಬ್ಬ ಮಗಳ ತಾಯಿಗೆ ಇಷ್ಟು ಆಸೆ ಇರಬಾರದೇನೋ ಎಂದು ತನ್ನನ್ನು ತಾನೇ ಗದರಿಕೊಂಡಳು, ಆಸೆ ಕೇಳಲಿಲ್ಲ.

ಬಡೇಸಾಬರು ಒಳಗಿನಿಂದ ಇನ್ನೆರಡು ಬ್ಯಾಟು ತಂದರು. "ಇದು ಕುರಿ ಕರುಳಿನ ಗಟ್ಟು. ಚೆಂಡು ತಗುಲಿದ್ರೆ ಟಣ್ ಅಂತೈತೆ. ನೂರಾ ಹತ್ತು ರೂಪಾಯಿ. ಇದು ನೈಲಾನು, ಐವತ್ತೈದಕ್ಕೆ ಕೊಡ್ತೀನಿ. ಮಳೆಗೂ ಹೆದರಂಗಿಲ್ಲ, ಇಲಿಗೂ ಹೆದರಂಗಿಲ್ಲ. ಆದ್ರೆ ಗಟ್ಟಿನ ಜೀವ ಇದಕ್ಕಿಲ್ಲ, ಸುಳ್ಳು ಯಾಕ ಹೇಳ್ಲಿ."

ನೂರಾ ಹತ್ತರ ಬ್ಯಾಟಿನ ಎಳೆಗಳನ್ನು ಆಕೆ ಹೆಬ್ಬೆರಳಿನಿಂದ ಮೀಟಿ ಕಿವಿಗೊಟ್ಟು ಕೇಳಿದಳು. ಕೆಳಗಿಟ್ಟು ನೈಲಾನಿನದನ್ನು ಎತ್ತಿಕೊಂಡು ಗಾಳಿಯಲ್ಲಿ ಎರಡು ಸಲ ಬೀಸಿದಳು. ಹಿಡಿ ಕೈತುಂಬ ಕೂತಿತು, ತೂಕವೂ ಸರಿಯಿತ್ತು. ಆಮೇಲೆ ಏನೋ ತೀರ್ಮಾನಿಸಿದವಳಂತೆ ಬುಟ್ಟಿಯಿಂದ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ್ದ ಗಂಟು ತೆಗೆದಳು. ಒಳಗೆ, ಸೊಟ್ಟಾಗದಂತೆ ನಾಲ್ಕು ಮೂಲೆಗೆ ತಿರುಪು ಬಿಗಿದ ಮರದ ಚೌಕಟ್ಟಿನಲ್ಲಿ ಒಂದು ಹಳೆಯ ಬ್ಯಾಟಿತ್ತು.

"ಇದಕ್ಕೆ ಹೊಸ ಗಟ್ಟು ಹಾಕಿದ್ರೆ ಎಷ್ಟಾಗ್ತೈತೆ? ಹೊಸದಕ್ಕಿಂತ ಕಮ್ಮಿ ಆದ್ರೆ ಇದನ್ನೇ ಆಡ್ತೀನಿ."

ಹರಿಹರದಿಂದ ಮೊದಲ ಬಸ್ಸಿಗೆ ಬಂದವಳು ಸರಸ್ವತಿ ನಗರದ ತಮ್ಮನ ಮನೆಗೆ ಹೋಗಿ, ಅಟ್ಟದ ಮೇಲಿಂದ ಇದನ್ನು ತಾನೇ ಇಳಿಸಿಕೊಂಡಿದ್ದಳು. ತಮ್ಮನ ಮನೆಯಲ್ಲಿರುವ ಅವ್ವ ಮರಿಯವ್ವ ಏಣಿ ಹಿಡಿದು ನಿಂತು, "ಆ ಹಳೇದು ಯಾಕ? ಹೊಸದು ತಗೋ, ರೊಕ್ಕ ನಾ ಕೊಡ್ತೀನಿ," ಎಂದು ಎರಡೆರಡು ಸಲ ಹೇಳಿದ್ದಳು. ಮುದುಕಿಗೆ ಎಂದೂ ಇಲ್ಲದ ಧಾರಾಳ ಬಂದಿದೆ ಎಂದುಕೊಂಡು ದ್ರಾಕ್ಷಾಯಣಮ್ಮ ಕಿವಿಗೆ ಹಾಕಿಕೊಂಡಿರಲಿಲ್ಲ.

ಬಡೇಸಾಬರು ತಿರುಪು ಬಿಚ್ಚಿ ಬ್ಯಾಟನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರು. "ಮರ ಒಂದು ಕೂದಲಷ್ಟೂ ಸೊಟ್ಟಾಗಿಲ್ಲ. ಭಾಳ ಜತನದಿಂದ ಇಟ್ಟಾರೆ. ಯಾರು ಕೊಡ್ಸಿದ್ದು?"

"ನಮ್ಮಪ್ಪ. ಬೋನಸ್ ಬಂದಾಗ. ಗಿರಣ್ಯಾಗ ಇದ್ರು."

"ಗಟ್ಟು ಹೆಂಗೆ ಹೋತು?"

"ನಂದೇ ತಪ್ಪು. ಆಡಿ ಬಂದು ಬಚ್ಚಲ ಗೋಡೆಗೆ ಒರಗಿಸಿಟ್ಟಿದ್ದೆ. ಹಂಡೆ ಒಲೆ ಕಾವಿಗೆ ಒಣಗಿ ಹರಿದೋತು." ಇದನ್ನು ಆಕೆ ಹದಿನೇಳು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದ್ದಳೋ. ಹೇಳಿ ಹೇಳಿ ಮಾತು ನುಣುಪಾಗಿತ್ತು.

ಬಡೇಸಾಬರು ಕನ್ನಡಕ ಇಳಿಸಿಕೊಂಡು ಬ್ಯಾಟನ್ನು ಬಾಗಿಲ ಬೆಳಕಿಗೆ ಹಿಡಿದರು. ಹರಿದ ಎಳೆಗಳ ತುದಿಯನ್ನು ಉಗುರಿನಿಂದ ಒಂದೊಂದಾಗಿ ಎತ್ತಿದರು.

"ಇದು ಹರಿದಿದ್ದಲ್ಲಮ್ಮ," ಎಂದರು. "ಕೊಯ್ದಿದ್ದು."

"ಅಂದ್ರೆ?"

"ಇಲ್ಲಿ ನೋಡ್ರಿ." ಮೂಲೆಯಲ್ಲಿ ಬಿದ್ದಿದ್ದ ಯಾರದೋ ಹಳೆಯ ಬ್ಯಾಟೊಂದನ್ನು ಎಳೆದುಕೊಂಡು ಪಕ್ಕದಲ್ಲಿಟ್ಟರು. "ಗಟ್ಟು ತಾನಾಗಿ ಹರಿದ್ರೆ ನಡುವಿನಾಗ ಹರೀತೈತೆ, ಚೆಂಡು ಬೀಳೋ ಜಾಗದಾಗ. ತುದಿ ಹಗ್ಗ ಬಿಚ್ಚಿದಂಗೆ ಜುಬ್ಬುರು ಜುಬ್ಬುರು ಆಗಿರ್ತೈತೆ. ಕಂಡ್ತಾ? ನಿಮ್ದು ಮೂರು ಎಳೆ ಹೋಗ್ಯಾವೆ, ಮೂರೂ ಅಂಚಿನಾಗ, ಚೆಂಡು ಬಡಿಯದ ಕಡೆ. ತುದಿ ಎಷ್ಟು ಸಾಫ್ ಐತೆ ನೋಡ್ರಿ. ಮರಕ್ಕೂ ಒಂದು ಗೀರು ಬಿದ್ದೈತೆ. ಕ್ಷೌರದ ಬ್ಲೇಡಿಂದು. ಬ್ಯಾರೆ ಯಾವುದೂ ಇಷ್ಟು ತೆಳ್ಳಗೆ ಗೀರಲ್ಲ."

ಇದನ್ನೆಲ್ಲ ಅವರು ತಮ್ಮ ಕಸುಬಿನ ಹೆಮ್ಮೆಯಲ್ಲಿ, ಪಾಠ ಹೇಳುವವರಂತೆ ಹೇಳಿದರು. ಹೇಳಿ ಮುಗಿಸಿ ಆಕೆಯ ಮುಖ ನೋಡಿದ ಮೇಲೆ ಹೇಳಬಾರದಿತ್ತೇನೋ ಎನ್ನಿಸಿತು. "ಇಲಿ ಕಡಿದಿದ್ರೂ ಕಡಿದಿರಬೋದು. ಕರುಳಿಂದಲ್ವಾ, ಇಲಿಗೆ ಇದಂದ್ರೆ ಜೀವ," ಎಂದು ಸೇರಿಸಿದರು. ಆದರೆ ಆ ಮನುಷ್ಯನಿಗೆ ಕಸುಬಿನ ವಿಷಯದಲ್ಲಿ ಸುಳ್ಳು ಹೇಳಿ ರೂಢಿಯಿರಲಿಲ್ಲ. "ಆದ್ರೆ ಇಲಿ ಮೂರನ್ನೂ ಒಂದೇ ಸಾಲಿಗೆ ಕಡಿಯಲ್ಲ ಬಿಡ್ರಿ," ಎಂದು ತಾವೇ ಗೊಣಗಿಕೊಂಡರು.

ದ್ರಾಕ್ಷಾಯಣಮ್ಮ ಬೆಂಚಿನ ತುದಿ ಹಿಡಿದುಕೊಂಡಳು. ಬಡೇಸಾಬರು ಸ್ಟೂಲು ಎಳೆದು, "ಕೂಡ್ರಿ ಅಮ್ಮ, ನೀರು ಕುಡೀರಿ," ಎಂದರು. ಆಕೆ ಕೂಡಲಿಲ್ಲ. ನೈಲಾನಿನ ಬ್ಯಾಟನ್ನು ತೋರಿಸಿ, "ಅದನ್ನೇ ಕೊಡ್ರಿ," ಎಂದಳು. ರೂಪಾಯಿ ಎಣಿಸಿ ಕೊಟ್ಟಳು. ಬಡೇಸಾಬರು ಒಂದು ಉಣ್ಣೆ ಚೆಂಡನ್ನೂ ಬುಟ್ಟಿಗೆ ಹಾಕಿ, ಅದಕ್ಕೆ ದುಡ್ಡು ಬೇಡವೆಂದರು. ಅದೂ ಆಕೆಗೆ ಸರಿಯಾಗಿ ಕೇಳಿಸಲಿಲ್ಲ.

ಬೀದಿಗೆ ಇಳಿದಾಗ ಹನ್ನೊಂದರ ಬಿಸಿಲು. ಛತ್ರಿ ಬಗಲಲ್ಲೇ ಇತ್ತು, ಬಿಚ್ಚಬೇಕೆಂದು ತೋಚಲಿಲ್ಲ.

ಅರವತ್ತೈದರ ಆ ಬೆಳಗನ್ನು ಆಕೆ ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ಅದು ಒಂದು ದಿನಕ್ಕೂ ಮರೆತಿರಲಿಲ್ಲ. ಆಗ ಆಕೆಗೆ ಹತ್ತೊಂಬತ್ತು. ಮೈಸೂರು ರಾಜ್ಯದ ಹೆಣ್ಣುಮಕ್ಕಳ ತಂಡಕ್ಕೆ ಬೆಂಗಳೂರಿನಲ್ಲಿ ಆಯ್ಕೆ ಎಂದು ಕಾಗದ ಬಂದಿತ್ತು. ಗಿರಣಿಯ ವಸತಿಯಲ್ಲೆಲ್ಲ ಅದನ್ನು ಓದಿ ತೋರಿಸಿ ಬಂದವನು ಅಪ್ಪ ಕೆಂಚವೀರಪ್ಪ. ಪಾಳಿ ಮುಗಿಸಿ, ಮೈಗಂಟಿದ ಹತ್ತಿಯನ್ನೂ ಕೊಡವಿಕೊಳ್ಳದೆ ಮಗಳನ್ನು ಮೈದಾನಕ್ಕೆ ಕರೆದೊಯ್ದು, ಲಂಗ ಎತ್ತಿ ಸಿಕ್ಕಿಸಿಕೊಂಡು ಹೊಡೆಯುವುದನ್ನು ಕಲಿಸಿದವನೂ ಅವನೇ. ಹೊರಡುವ ದಿನ ಆಕೆ ಸ್ನಾನ ಮುಗಿಸಿ ಬಂದು ಬ್ಯಾಟು ಎತ್ತಿಕೊಂಡರೆ ಮೂರು ಎಳೆ ಹರಿದು, ಉಳಿದವು ಸಡಿಲವಾಗಿ ಜೋತುಬಿದ್ದಿದ್ದವು. "ನಾನೇ ಅಪ್ಪ, ನಾನೇ ಬಚ್ಚಲದಾಗ ಬಿಟ್ಟಿದ್ದೆ," ಎಂದು ಗೋಳಾಡಿದಳು. ಅಪ್ಪ ಬ್ಯಾಟನ್ನು ಆಕೆಯ ಕೈಯಿಂದ ತೆಗೆದುಕೊಂಡ. ತಲೆಯ ಮೇಲೆ ಕೈಯಿಟ್ಟು, "ಆಗಿದ್ದಾತು ಬಿಡವ್ವ. ಗಾಡಿಗೆ ಹೊತ್ತಾತು," ಎಂದ. ಬೆಂಗಳೂರಿನಲ್ಲಿ ಯಾರದೋ ದಪ್ಪ ಹಿಡಿಯ ಬ್ಯಾಟು ಬೇಡಿ ಆಡಿದಳು. ಚೆಂಡು ಮೇಲಿಂದ ಮೇಲೆ ಬಲೆಗೇ ಬಿತ್ತು. ಆಯ್ಕೆಯಾಗಲಿಲ್ಲ. ಹಿಂದಿರುಗುವಾಗ ಅರಸೀಕೆರೆಯಲ್ಲಿ ಅಪ್ಪ ಇಡ್ಲಿ ಕೊಡಿಸಿದ. ಆಕೆ ತಿನ್ನಲಿಲ್ಲ, ಅವನೂ ತಿನ್ನಲಿಲ್ಲ. ಎರಡು ತಿಂಗಳಿಗೆ ನಂದಿಗುಡಿಯ ಸಂಬಂಧ ಕೂಡಿ ಮದುವೆಯಾಯಿತು.

ಅಪ್ಪ ಒಂದು ಮಾತೂ ಬೈಯಲಿಲ್ಲ. ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ, ಸಾಯುವವರೆಗೂ ಇಲ್ಲ. ಆಟ ಹೋದ ದುಃಖವನ್ನು ಆಕೆ ಅದೊಂದನ್ನು ಹಿಡಿದುಕೊಂಡೇ ನುಂಗಿದ್ದಳು. ಮಗಳು ಬಂಗಾರದ ಓಲೆ ಕಳೆದುಕೊಂಡು ಬಂದಾಗ ಗಂಡ ಕೂಗಾಡಿದರೂ ಈಕೆ, "ಆಗಿದ್ದಾತು ಬಿಡು," ಎಂದು ಮಗುವಿನ ತಲೆ ಸವರಿದ್ದಳು. ಇಷ್ಟು ದೊಡ್ಡ ಮನಸ್ಸು ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ, ನಮ್ಮಪ್ಪನಿಂದ ಎನ್ನುತ್ತಿದ್ದಳು.

ಈಗ ನೋಡಿದರೆ ತಪ್ಪೇ ತನ್ನದಲ್ಲ. ಹದಿನೇಳು ವರ್ಷ ಯಾರದೋ ಪಾಪವನ್ನು ತನ್ನದೆಂದು ಹೊತ್ತು ತಿರುಗಿದ್ದಳು. ಆಗ ಮನೆಯಲ್ಲಿ ಇದ್ದದ್ದು ನಾಲ್ಕು ಜನ: ಅಪ್ಪ, ಅವ್ವ, ಎಂಟು ವರ್ಷದ ತಮ್ಮ, ತಾನು. ಅಪ್ಪ, ತಮ್ಮ ಇಬ್ಬರನ್ನು ಅನುಮಾನಿಸುವ ಪ್ರಶ್ನೆಯೇ ಇಲ್ಲ. "ಬಿಸಿಲಾಗ ಕುಣಿದು ಕರ್ರಗಾದ್ರೆ ಯಾರು ಮಾಡ್ಕೊಂತಾರೆ ಇವಳನ್ನ," ಎಂದು ದಿನಾ ಹಲ್ಲು ಕಡಿಯುತ್ತಿದ್ದವಳು ಒಬ್ಬಳೇ. ಬೆಳಿಗ್ಗೆ ಏಣಿ ಹಿಡಿದು, ಹಳೇದು ಯಾಕ ಎಂದವಳೂ ಅವಳೇ. ಸರಸ್ವತಿ ನಗರ ಬರುವ ಹೊತ್ತಿಗೆ ದ್ರಾಕ್ಷಾಯಣಮ್ಮ ನಡೆಯುತ್ತಿರಲಿಲ್ಲ, ಹೆಚ್ಚುಕಡಿಮೆ ಓಡುತ್ತಿದ್ದಳು.

ತಮ್ಮ, ತಮ್ಮನ ಹೆಂಡತಿ ಕೆಲಸಕ್ಕೆ ಹೋಗಿದ್ದರು. ಮರಿಯವ್ವ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಮಗಳ ಕೈಯಲ್ಲಿ ಎರಡು ಬ್ಯಾಟು ಕಂಡು, "ಹೊಸದು ತಗೊಂಡ್ಯಾ? ಚಲೋ ಆತು," ಎಂದಳು.

ದ್ರಾಕ್ಷಾಯಣಮ್ಮ ಹಳೆಯದನ್ನು ಮೊರದ ಪಕ್ಕದಲ್ಲಿ ಇಟ್ಟಳು. "ಅವ್ವ, ಇದು ಹರಿದಿದ್ದಲ್ಲಂತೆ. ಕೊಯ್ದಿದ್ದಂತೆ."

ಮರಿಯವ್ವನ ಬೆರಳು ಅಕ್ಕಿಯಲ್ಲಿ ನಿಂತಿತು.

"ಯಾರಂದ್ರು?"

"ಗಟ್ಟು ಹಾಕೋ ಸಾಬ್ರು. ಹೌದೋ ಅಲ್ಲೋ, ಅದನ್ನ ಹೇಳು."

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಬಂದಳು, ಕೂಗಿಕೊಂಡು ಹೋದಳು.

"ಹೂಂ," ಎಂದಳು ಮುದುಕಿ ಕೊನೆಗೆ. "ನಾನೇ."

ಅನುಮಾನಿಸಿಕೊಂಡೇ ಬಂದಿದ್ದರೂ ಅವ್ವನ ಬಾಯಿಂದಲೇ ಕೇಳಿದಾಗ ದ್ರಾಕ್ಷಾಯಣಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. "ಹೆತ್ತೋಳಾ ನೀನು?" ಎಂದಳು. ಇಷ್ಟು ವರ್ಷದಲ್ಲಿ ಅವ್ವನಿಗೆ ಆಡಿರದ ಮಾತು ಒಂದರ ಹಿಂದೊಂದು ಬಂದವು. "ನಾನು ಅಳತಾ ಕೂತಿದ್ದಾಗ ನೀನೂ ಸೆರಗಿನಾಗ ಕಣ್ಣು ಒರೆಸ್ಕೊಂಡೆಲ್ಲ, ಅದೂ ನಾಟಕನಾ? ಅಪ್ಪ ಎಷ್ಟು ಆಸೆ ಇಟ್ಕೊಂಡಿದ್ರು ಗೊತ್ತಿದ್ದಿಲ್ಲೇನು ನಿನಗೆ? ಅಪ್ಪಗೆ ಇದು ಗೊತ್ತಾಗಿದ್ರೆ ನಿನ್ನ ಮನ್ಯಾಗ ಇಟ್ಕೊಂತಿದ್ದಿಲ್ಲ."

ಮರಿಯವ್ವ ಎದುರಾಡಲಿಲ್ಲ. ಸೊಸೆಯ ಒಂದು ಮಾತನ್ನೂ ಸುಮ್ಮನೆ ಬಿಡದ ಬಾಯಿ ಅದು. ಇಂದು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಿತು. "ಹಿಂದಿನ ದಿನ ನಂದಿಗುಡಿಯೋರು ಬಂದಿದ್ರು," ಎಂದಳು ಆಮೇಲೆ ನಿಧಾನವಾಗಿ. "ನಿಮ್ಮ ಮಾವ, ಅವರಣ್ಣ. ಹುಡುಗಿ ಊರೂರು ಆಡಾಕ ಹೊಂಟ್ರೆ ನಮಗೆ ಬ್ಯಾಡ, ಇಲ್ಲೇ ನಿಲ್ಲೋದಾದ್ರೆ ಮಾತಾಡಾಣ ಅಂದ್ರು. ಅಂಥ ಮನೆತನ ಮತ್ತೆ ಬರ್ತಿತ್ತೇನು? ಗಿರಣಿ ಕೆಲಸದೋರ ಮಗಳಿಗೆ? ಬ್ಯಾಡ ಅಂತ ನಿನ್ನ ಮುಖಕ್ಕೆ ಹೇಳೋ ಧೈರ್ಯ ಇರ್ಲಿಲ್ಲ. ನೀನು ಸ್ನಾನಕ್ಕೆ ಹೋಗಿದ್ದೆ."

"ಯಾವುದರಿಂದ ಕೊಯ್ದೆ?"

ಅದನ್ನು ಯಾಕೆ ಕೇಳಿದಳೋ ಆಕೆಗೇ ತಿಳಿಯದು. ಸಿಟ್ಟಿಗೆ ಇನ್ನೂ ಒಂದು ಹಿಡಿ ಬೇಕಾಗಿತ್ತೇನೋ. ಮರಿಯವ್ವ ಅಡುಗೆಮನೆಯ ಕಡೆ ನೋಡಿದಳು, ಬ್ಯಾಟಿನ ಕಡೆ ನೋಡಿದಳು.

"ಯಾವುದರಿಂದ ಅಂದ್ರೆ? ಈಳಿಗೆಮಣೆಯಿಂದ. ಇನ್ಯಾವುದರಿಂದ."

ದ್ರಾಕ್ಷಾಯಣಮ್ಮ ಮತ್ತೊಂದು ಮಾತಿಗೆ ಬಾಯಿ ತೆರೆದವಳು ಅಲ್ಲೇ ನಿಂತಳು.

ಮಣೆಗೆ ನಿಲ್ಲಿಸಿ ಬಡಿದಿರುವ, ಎರಡು ಬೆರಳಗಲದ ಈಳಿಗೆ. ಹೊಸದಾಗಿ ಬಿಗಿದ ಗಟ್ಟಿನ ಎರಡು ಎಳೆಯ ನಡುವೆ ಪೆನ್ಸಿಲು ತೂರಿಸುವುದೇ ಕಷ್ಟ. ಕೂತು ಬ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು, ಮೂರು ಎಳೆಗಳ ನುಣುಪಾದ ತುದಿಯ ಹಿಂದೆ ಮರದ ಮೇಲಿದ್ದ ಗೀರನ್ನು ಬೆರಳಿನಿಂದ ಮುಟ್ಟಿದಳು. ಕೂದಲಿನಷ್ಟು ತೆಳ್ಳಗಿತ್ತು. ಆ ಮನೆಯಲ್ಲಿ ಅಷ್ಟು ತೆಳುವಾದದ್ದು ಒಂದೇ ಇತ್ತು. ಕನ್ನಡಿಯ ಹಿಂದೆ ಕಾಗದದಲ್ಲಿ ಮಡಿಸಿಟ್ಟಿರುತ್ತಿದ್ದ ಬ್ಲೇಡು. ತಮ್ಮನ ಕೈಗೆ ಎಟುಕಬಾರದೆಂದು ಅದನ್ನು ಎತ್ತರದಲ್ಲಿ ಇಡುತ್ತಿದ್ದರು. ಅವ್ವ ಅದನ್ನು ಮುಟ್ಟುತ್ತಲೇ ಇರಲಿಲ್ಲ, ಕಸ ಗುಡಿಸುವಾಗ ಕಂಡರೂ ಗಂಡನನ್ನು ಕೂಗಿ ತೆಗೆಸುತ್ತಿದ್ದಳು.

ಅಪ್ಪ.

ಅಪ್ಪನೇ ಬೆಂಗಳೂರಿನವರೆಗೆ ಜೊತೆಯಲ್ಲಿ ಬಂದ. ಅಪ್ಪನೇ ಅವರಿವರ ಮುಂದೆ ನಿಂತು, ನನ್ನ ಮಗಳಿಗೊಂದು ಬ್ಯಾಟು ಕೊಡಿ ಎಂದು ಕೈಯೊಡ್ಡಿದ. ಚೆಂಡು ಬಲೆಗೆ ಬೀಳುತ್ತಿದ್ದಾಗ ಗೆರೆಯ ಆಚೆ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಅವ್ವ ಕೊಯ್ದಳು ಎಂದಾಗ ಸಿಟ್ಟಾದರೂ ಬಂದಿತ್ತು. ಈಗ ಅದೂ ಬರಲಿಲ್ಲ. ಅವ್ವನ ಮುಖ ನೋಡಿದಳು. ಮುದುಕಿ ಮೊರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಇನ್ನೇನು ಬೈಗುಳ ಬಾಕಿಯಿದೆಯೋ ಅದನ್ನೂ ಬೈದುಬಿಡು ಎನ್ನುವಂತೆ ಕಾಯುತ್ತಿದ್ದಳು. ಇದಿಷ್ಟನ್ನೂ ತನ್ನ ತಲೆಯ ಮೇಲೆ ಎಳೆದುಕೊಂಡು ಮುಗಿಸಿಬಿಡುವುದು ಅವಳ ಲೆಕ್ಕಾಚಾರ. ಹಾಗೇ ಬಿಟ್ಟುಬಿಡಬೇಕು, ಸುಳ್ಳನ್ನು ಸುಳ್ಳೆನ್ನಬಾರದು ಎಂದು ದ್ರಾಕ್ಷಾಯಣಮ್ಮ ಅಂದುಕೊಂಡಳು. ಆದರೂ ಒಳಗಿದ್ದ ಮಾತು ತಡೆಯಲಾಗದೆ ಹೊರಗೆ ಬಂತು. ಅವ್ವನಿಗೆ ಹೇಳಿದ ಹಾಗೂ ಇರಲಿಲ್ಲ.

"ಅಪ್ಪ ಅವತ್ತು ನನಗೆ ಒಂದು ಮಾತೂ ಬೈಲಿಲ್ಲವ್ವ."

"ಯಾವ ಬಾಯಿಂದ ಬೈತಾರೆ ತಾಯಿ," ಎಂದುಬಿಟ್ಟಳು ಮರಿಯವ್ವ.

ಅಂದಮೇಲೆ ತಾನು ಅಂದದ್ದು ಏನೆಂದು ಅವಳಿಗೂ ತಿಳಿಯಿತು. ಹಿಂದಕ್ಕೆ ತೆಗೆದುಕೊಳ್ಳಲು ಹೋಗಲಿಲ್ಲ. ಆರಿಸಿದ ಅಕ್ಕಿ, ಆರಿಸದ ಅಕ್ಕಿ ಎರಡನ್ನೂ ಕೈಯಿಂದ ಬೆರೆಸಿಕೊಂಡು ಕೂತಳು. "ಬೆಂಗ್ಳೂರಿಂದ ಬಂದೋರು ಎಂಟು ದಿನ ಗಡ್ಡ ಮಾಡ್ಕೊಳ್ಳಲಿಲ್ಲ. ಯಾಕ ಅಂತ ನಾನೂ ಕೇಳಲಿಲ್ಲ," ಎಂದಳು.

ಮಧ್ಯಾಹ್ನದ ಬಸ್ಸಿನ ಹೊತ್ತು ಆಗಿಹೋಯಿತು. ದ್ರಾಕ್ಷಾಯಣಮ್ಮ ಗೋಡೆಗೊರಗಿ ಕೂತೇ ಇದ್ದಳು. ಕಣ್ಣೀರು ಬರಬಹುದೆಂದು ಕಾದಳು, ಬರಲಿಲ್ಲ. ಕೈ ತನ್ನಷ್ಟಕ್ಕೆ ಬುಟ್ಟಿಯೊಳಗಿನ ಹಳದಿ ಚೆಂಡನ್ನು ಹಿಸುಕುತ್ತಿತ್ತು.

ಮರಿಯವ್ವ ನೆಲಕ್ಕೆ ಕೈಯೂರಿ ಎದ್ದಳು. ಹೊಸ ಬ್ಯಾಟನ್ನು ಎತ್ತಿ, ಹಿಡಿಯ ಕಡೆಯನ್ನು ಮಗಳತ್ತ ತಿರುಗಿಸಿ ಅವಳ ಮಡಿಲಲ್ಲಿ ಇಟ್ಟಳು. ಆಮೇಲೆ ಅಂಗಳಕ್ಕೆ ಇಳಿದು, ಬೆಳಿಗ್ಗೆ ಸೊಸೆ ಒಗೆದು ಹಾಕಿ ಹೋಗಿದ್ದ ಸೀರೆ, ಪಂಚೆ, ಅಂಗಿಗಳನ್ನು ಒಂದೊಂದಾಗಿ ತೆಗೆದು ಹೆಗಲಿಗೆ ಹಾಕಿಕೊಳ್ಳತೊಡಗಿದಳು. ಅವಿನ್ನೂ ಒಣಗಿರಲಿಲ್ಲ. ಕೊನೆಯ ಅಂಗಿಯನ್ನೂ ತೆಗೆದ ಮೇಲೆ, ಈ ಗೋಡೆಯಿಂದ ಆ ಗೋಡೆಯವರೆಗೆ, ತಲೆಯೆತ್ತರದಲ್ಲಿ, ಅಂಗಳದಲ್ಲಿ ಬಲೆ ಕಟ್ಟಲು ಎಳೆದಂತೆ ಬರಿಯ ತಂತಿ ಉಳಿಯಿತು.